ಅಳಿಸದೇ ಬಿಟ್ಟ ಅಜ್ಜ

ನನ್ನ ಮೊಮ್ಮಗಳು ಹುಟ್ಟಿದ ದಿನ ನಾನು ಹಳಿಯಾಳದಿಂದ ಜೊಯಿಡಾಕ್ಕೆ ಒಂದು ಗಂಟನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಬಂದೆ. ಮೆತ್ತನೆಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ಬಸ್ಸಿನವರೆಲ್ಲ ಅದರೊಳಗೆ ಕೂಸು ಇದೆ ಅಂದುಕೊಂಡರು. ಇದ್ದದ್ದು ಫ್ಲಾಪಿ. ಈ ಮಾತನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಏನೋ, ಈಗ ನಾನು ಬಾಯಿ ತೆಗೆದ ಕೂಡಲೇ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಕಾಗದ ಎದ್ದು ಹೋಗುವುದಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಿರಿ. ಮೊಮ್ಮಗಳ ಮಾತು ನಡುನಡುವೆ ನುಗ್ಗಿ ಬಂದರೆ ಅದನ್ನು ಮಾತ್ರ ತಿದ್ದಬೇಡಿ.

ಆಗ ನಾನು ಜೊಯಿಡಾದಲ್ಲಿ ಮಳೆ ಅಳೆಯುವ ಒಂದು ಸಣ್ಣ ಕಚೇರಿಯಲ್ಲಿ ಸಿಪಾಯಿ. ಸೂಪಾದಲ್ಲಿ ಅಣೆಕಟ್ಟಿನ ಕೆಲಸ ನಡೆದಿದ್ದ ಕಾಲ. ಅನಮೋಡದ ಕಡೆಯಿಂದ ಹಿಡಿದು ಕಾಡಿನೊಳಗೆ ಅಲ್ಲಲ್ಲಿ ಮಳೆಯ ಮಾಪಕ ಇಟ್ಟಿದ್ದರು. ಅದರೊಳಗೆ ಒಂದು ಕಾಗದ ಸುತ್ತಿಕೊಂಡು ನಿಧಾನಕ್ಕೆ ತಿರುಗುತ್ತದೆ, ಮಳೆ ಬಿದ್ದ ಹಾಗೆ ಒಂದು ಮುಳ್ಳು ಅದರ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆ ಕಾಗದಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಗೆರೆ ಓದಿ ಅಂಕಿ ಮಾಡಿ ಕಂಪ್ಯೂಟರಿಗೆ ಹಾಕುವವಳು ನಮ್ಮ ಆಪರೇಟರ್ ಬಾಯಿ. ಮುಂಡಗೋಡ ಕಡೆಯವಳು, ನನ್ನ ಮಗಳ ವಾರಿಗೆಯವಳು. ಅವಳ ಕೆಲಸ ಹಂಗಾಮಿ. ನನ್ನನ್ನು ಕಾಕಾ ಅನ್ನುತ್ತಿದ್ದಳು. ಇಬ್ಬರ ಮೇಲೂ ಬೆಳಗಾವಿ ಕಡೆಯ ಒಬ್ಬ ಸಾಹೇಬರು. ಕಚೇರಿ ಎಂದರೆ ಇಷ್ಟೇ.

ಕಂಪ್ಯೂಟರು ಅಂಕಿಗಳನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಫ್ಲಾಪಿಯಲ್ಲಿ ಇಡುತ್ತಿತ್ತು. ಈಗಿನ ಸಣ್ಣ ಫ್ಲಾಪಿ ಅಲ್ಲ. ಒಂದು ಊಟದ ತಾಟಿನಷ್ಟು ಅಗಲದ ಕರೀ ಚೌಕ ಲಕೋಟೆ. ಅದರೊಳಗೆ ದುಂಡಗಿನ ತೆಳು ಹಾಳೆ. ನಡುವೆ ಒಂದು ತೂತು, ಕೆಳಗೆ ಉದ್ದನೆಯ ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ಒಳಗಿನ ಹಾಳೆ ಕಾಣುತ್ತದೆ. ಅಲ್ಲಿ ಮಾತ್ರ ಬೆರಳು ಇಡಬಾರದು, ಇಟ್ಟರೆ ಬೆರಳಿನ ಜಿಡ್ಡು ಅಂಟಿ ಓದದಂತಾಗುತ್ತದೆ. ಕೈಯಲ್ಲಿ ಹಿಡಿದರೆ ಬಳುಕುತ್ತಿತ್ತು. ಮೊದಲ ದಿನವೇ ನಾನು, "ಇದು ಹಪ್ಪಳ ಇದ್ದಂಗ ಐತಲ್ರಿ," ಅಂದೆ. ಅವತ್ತಿನಿಂದ ನಮ್ಮ ಕಚೇರಿಯಲ್ಲಿ ಅದಕ್ಕೆ ಹಪ್ಪಳವೆಂದೇ ಹೆಸರು. ಸಾಹೇಬರೂ ಹಾಗೇ ಅನ್ನುತ್ತಿದ್ದರು.

ಯಂತ್ರ ಕೂಡಿಸಲು ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರು ಬಂದಿದ್ದರು. ಮೂಲ ಮೈಸೂರು ಕಡೆಯವರು, ಮಾತೆಲ್ಲ ರೇಡಿಯೋದಲ್ಲಿ ಬಂದ ಹಾಗೆ. ಹೋಗುವ ಮುಂಚೆ ಮೂರು ಹಪ್ಪಳ ಮೇಜಿನ ಮೇಲೆ ಇಟ್ಟು ಪಾಠ ಹೇಳಿದರು.

"ಇದು ಮಗ. ಇದು ಅಪ್ಪ. ಇದು ಅಜ್ಜ. ಫ್ಲಾಪಿಯನ್ನ ಯಾವತ್ತೂ ನಂಬಬೇಡಿ. ಇವತ್ತು ಓದುತ್ತೆ, ನಾಳೆ ಓದಲ್ಲ. ಅದಕ್ಕೇ ಮೂರು ತಲೆಮಾರು ಇಟ್ಕೊಳ್ಳಿ."

"ಅಜ್ಜಿ ಇಲ್ಲೇನ್ರಿ?" ಅಂದೆ ನಾನು.

"ಈ ಪದ್ಧತಿ ಮಾಡಿದವರು ಅಜ್ಜೀನ ಬಿಟ್ಟುಬಿಟ್ಟಿದಾರೆ."

"ಅದಕ್ಕ ಕೆಡ್ತಾವ ನೋಡ್ರಿ ಅವು," ಅಂದಳು ಆಪರೇಟರ್ ಬಾಯಿ.

ಪದ್ಧತಿ ಹೀಗೆ. ವಾರವೆಲ್ಲ ಹೊಸ ಅಂಕಿಗಳು ಮಗನ ಮೇಲೆ ಬೀಳುತ್ತವೆ. ಶನಿವಾರ ಬಂತೆಂದರೆ ಅಜ್ಜನನ್ನು ಪೂರ್ತಿ ಅಳಿಸಿ, ಮಗನಲ್ಲಿ ಇದ್ದದ್ದನ್ನೆಲ್ಲ ಅದರ ಮೇಲೆ ನಕಲು ಮಾಡಬೇಕು. ಆಗ ಅಳಿಸಿದ ಅಜ್ಜ ಹೊಸ ಮಗನಾಗುತ್ತಾನೆ. ಹಳೇ ಮಗ ಅಪ್ಪನಾಗುತ್ತಾನೆ, ಅಪ್ಪ ಅಜ್ಜನಾಗುತ್ತಾನೆ. ಚೀಟಿಯ ಮೇಲೆ ಹೆಸರು ಮೊದಲು ಬರೆದು ಆಮೇಲೆ ಅಂಟಿಸಬೇಕು. ಅಂಟಿಸಿದ ಮೇಲೆ ಪೆನ್ನು ಒತ್ತಿದರೆ ಒಳಗಿನ ಹಾಳೆಗೆ ಪೆಟ್ಟು. ಕಪಾಟಿನ ಕೀಲಿ ನನ್ನ ಕೈಯಲ್ಲಿ ಇದ್ದುದರಿಂದ ಶನಿವಾರ ಮೂವರನ್ನೂ ತಂದುಕೊಡುವವನು ನಾನು.

"ಇವತ್ತ ಯಾರನ್ನ ಅಳಸ್ತೀರಿ ಬಾಯಾರ?"

"ಅಜ್ಜನ್ನ."

"ಪಾಪ, ಅಂವ ಏನ ಮಾಡ್ಯಾನ?"

"ವಯಸ್ಸಾಗೈತಿ ಕಾಕಾ. ಜಾಗಾ ಬಿಡಬೇಕು."

"ಈ ಮಾತ ನಮ್ಮ ಮನ್ಯಾಗ ಹೇಳಬ್ಯಾಡ್ರಿ. ನಮ್ಮಾಕಿ ಕಲ್ತ ಬಿಟ್ಟಾಳು."

ಪ್ರತಿ ಶನಿವಾರ ಇದೇ ಮಾತು, ಇದೇ ನಗು. ಆಮೇಲೆ ನಾನು ದಾಂಡೇಲಿಯಲ್ಲಿ ಬಸ್ಸು ಬದಲಿಸಿ ಹಳಿಯಾಳ ಹತ್ತಿರದ ನಮ್ಮ ಊರಿಗೆ ಹೋಗುತ್ತಿದ್ದೆ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಕುಬಸ ಮಾಡಿದೆವು. ಹಸಿರು ಸೀರೆ, ಹಸಿರು ಬಳೆ, ಊರಿನ ಹೆಂಗಸರ ಹಾಡು. ನಾನು ಅಜ್ಜನಾಗುತ್ತೇನೆ ಅನ್ನುವುದನ್ನು ದಾಂಡೇಲಿ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯವನಿಂದ ಹಿಡಿದು ಜೊಯಿಡಾದ ಟಪಾಲಿನವನ ತನಕ ಯಾರಿಗೂ ಹೇಳದೆ ಬಿಡಲಿಲ್ಲ. ಮುಂದಿನ ಶನಿವಾರ ಕುಬಸದ ಲಾಡು ಹಂಚಿ ಮೂರೂ ಹಪ್ಪಳ ತಂದಿಟ್ಟೆ. ಆಪರೇಟರ್ ಬಾಯಿ ಅಜ್ಜನನ್ನು ಯಂತ್ರದ ಬಾಯಿಗೆ ಹಿಡಿದವಳು ಹಾಗೇ ನಿಂತಳು.

"ಕಾಕಾ, ಈ ವಾರ ಅಜ್ಜನ್ನ ಅಳಸಾಕ ಮನಸ್ಸ ಬರವಲ್ದು."

"ಮತ್ತ?"

"ರಿಟೈರ್ ಮಾಡೂಣು. ಹೊಸಾ ಹಪ್ಪಳ ಒಂದ ತಗೀರಿ."

ಬಾಗಿಲಲ್ಲಿ ನಿಂತಿದ್ದ ಸಾಹೇಬರು, "ಹೊಸಾದ ತಗೀಬೇಕಂದ್ರ ನಂದ ಸಹಿ ಬೇಕು," ಅಂದರು.

"ಅಜ್ಜನ ಸಲುವಾಗಿ ಮಾಡ್ರಿ ಸಾಹೇಬ್ರ."

"ಯಾವ ಅಜ್ಜ? ಆ ಅಜ್ಜನೋ, ಲಾಡು ಕೊಟ್ಟ ಈ ಅಜ್ಜನೋ?" ಅನ್ನುತ್ತ ಸಹಿ ಮಾಡಿದರು. ಬಾಯಲ್ಲಿ ಲಾಡು ಇನ್ನೂ ಇತ್ತು. "ಹಂಗಾರ ರಿಟೈರ್ ಆದಾಂವನ್ನ ಊರಿಗೆ ಕಳಸ್ರಿ. ಇಲ್ಲೇ ಇಟ್ರ ಈ ಬಾಯಾರು ಮರತು ಮುಂದಿನ ವಾರ ಅಳಸ್ತಾರ."

ಹೀಗೆ ಆ ಅಜ್ಜ ನನ್ನ ಸಂಗಡ ಊರಿಗೆ ಬಂದ. ಮನೆಯವಳು ಕೈಯಲ್ಲಿ ಹಿಡಿದು ನೋಡಿದಳು.

"ಏನಿದು?"

"ಹಪ್ಪಳ."

"ಸುಡಾಕ ಬರೂದಿಲ್ಲ, ಕರಿಯಾಕ ಬರೂದಿಲ್ಲ. ಇದೆಂಥಾ ಹಪ್ಪಳ," ಅಂದು ತನ್ನ ಹಪ್ಪಳದ ದೊಡ್ಡ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ನಾವೆಲ್ಲ ಅದನ್ನು ಅಲ್ಲಿಗೇ ಮರೆತೆವು. ನನ್ನ ತಲೆಯಲ್ಲಿ ಬೇರೆ ಹಪ್ಪಳಕ್ಕೆ ಜಾಗ ಎಲ್ಲಿತ್ತು, ಮಗಳ ಹೊಟ್ಟೆಯ ಕಡೆಗೇ ಧ್ಯಾನ.

ಮಳೆ ಹಿಡಿಯಿತು. ಜೊಯಿಡಾದ ಮಳೆ ಕಂಡವರಿಗೆ ಗೊತ್ತು. ಗೋಡೆ ಬೆವರುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಗೂಟಕ್ಕೆ ಹಾಕಿದ ಅಂಗಿಗೆ ಬೂಷ್ಟು ಬರುತ್ತದೆ. ಹೊಳೆಯಿಂದ ಕರೆಂಟು ತೆಗೆಯುವ ಸೀಮೆಯಲ್ಲೇ ಇದ್ದರೂ ನಮ್ಮ ಕೋಣೆಗೆ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಯಂತ್ರದ ಕೋಣೆ ತಣ್ಣಗೆ ಒಣಗಿ ಇರಬೇಕೆಂದು ಹಾಕಿದ ಹವಾ ಯಂತ್ರ ಬಂದ್ ಬಿದ್ದದ್ದೇ ಹೆಚ್ಚು.

ಅದೇ ಮಳೆಯಲ್ಲಿ ಮೊದಲ ಪೆಟ್ಟು ಬಿತ್ತು. ಹಳೇ ಗೆರೆ ಕಾಗದಗಳನ್ನು ಕಟ್ಟು ಕಟ್ಟಿ ಹಿಂದಿನ ಖೋಲಿಯಲ್ಲಿ ಇಟ್ಟಿದ್ದೆವು. ಮೇಲಿನಿಂದ ನೋಡಿದರೆ ಕಟ್ಟುಗಳು ನೆಟ್ಟಗೆ ಇದ್ದವು. ಒಂದನ್ನು ಎತ್ತಿದರೆ ಕೈಗೆ ಬಂದದ್ದು ಬರೀ ಹೊರಗಿನ ಹಾಳೆ, ಒಳಗೆಲ್ಲ ಗೆದ್ದಲು ಮಣ್ಣು ಮಾಡಿತ್ತು. ಆ ವರ್ಷದ ಹೊಸ ಮಳೆಯ ಕಾಗದಗಳು ಮಾತ್ರ ಸಾಹೇಬರ ಮೇಜಿನ ಮೇಲೆ ಉಳಿದಿದ್ದವು. ಅದರ ಹಿಂದಿನ ಮಳೆಗಾಲಗಳೆಲ್ಲ ಈಗ ಹಪ್ಪಳದಲ್ಲಿ ಮಾತ್ರ.

"ಹಪ್ಪಳ ಅದಾವಲ್ಲ ಬಿಡ್ರಿ," ಅಂದರು ಸಾಹೇಬರು. ಅದೇ ವಾರ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಸೋಮವಾರ ದೊಡ್ಡ ಸಾಹೇಬರು ಬರುತ್ತಾರೆ, ಎಲ್ಲ ವರ್ಷದ ಮಳೆಯ ಅಂಕಿ ನೋಡುತ್ತಾರೆ. ಕೆಲಸ ಸರಿ ಇದ್ದರೆ ಯಂತ್ರ ಜೊಯಿಡಾದಲ್ಲೇ ಇರುತ್ತದೆ. ಇಲ್ಲದಿದ್ದರೆ ಧಾರವಾಡಕ್ಕೆ ಹೋಗುತ್ತದೆ. ಯಂತ್ರ ಹೋದರೆ ಹಂಗಾಮಿ ಆಪರೇಟರ್ ಬಾಯಿಯೂ ಮನೆಗೆ ಹೋಗಬೇಕು. ಮುಂಡಗೋಡದಲ್ಲಿ ಅವಳ ತಾಯಿ, ಮಗಳು ಕಂಪ್ಯೂಟರ್ ನಡೆಸುತ್ತಾಳೆ ಅಂತ ಸಂತೆಯಲ್ಲಿ ಹೇಳಿಕೊಂಡು ತಿರುಗುವವಳು, ನನ್ನ ಹಾಗೇ.

ಬುಧವಾರ ಮುಂಜಾನೆ ಮಗನನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಗರ್ ಅಂದಿತು, ಟಕ್ ಟಕ್ ಅಂದಿತು, ಓದುವುದಿಲ್ಲ ಅಂತ ಪರದೆಯ ಮೇಲೆ ಬರೆಯಿತು. ಹೊರಗೆ ತೆಗೆದು ಕಿಟಕಿಯಲ್ಲಿ ನೋಡಿದೆವು. ಕಂದು ಹಾಳೆಯ ಮೇಲೆ ಬಿಳೀ ಚುಕ್ಕೆ. ನನ್ನ ಅಂಗಿಯ ಮೇಲೆ ಬಂದದ್ದೇ ಬೂಷ್ಟು.

"ಅಪ್ಪನ್ನ ಹಾಕ್ರಿ," ಅಂದರು ಸಾಹೇಬರು.

ಹಾಕಿದಳು. ಈ ಸಲ ಯಂತ್ರ ಟಕ್ ಟಕ್ ಅನ್ನಲಿಲ್ಲ, ಕೀಂ ಅಂದಿತು, ಒಣ ಬಾವಿಯ ಗಾಲಿಯ ಹಾಗೆ. ಅವಳು ಗಾಬರಿಯಾಗಿ ತೆಗೆದಳು. ಕಿಟಕಿಯಲ್ಲಿ ನೋಡಿದರೆ ಹಾಳೆಯ ಕಂದು ಬಣ್ಣ ಒಂದು ಕಡೆ ಉಂಗುರದ ಹಾಗೆ ಕೆರೆದು ಹೋಗಿತ್ತು. ಯಂತ್ರದ ಒಳಗೆ ಓದುವ ಒಂದು ಗುಂಡಿ ಇರುತ್ತದೆ, ಅದಕ್ಕೆ ಮಗನ ಬೂಷ್ಟು ಅಂಟಿಕೊಂಡಿತ್ತು. ಹೊಲಸು ಬಾಯಿಗೆ ನಾವು ಅಪ್ಪನನ್ನೂ ತಿನ್ನಿಸಿದ್ದೆವು. ಇದು ತಿಳಿದದ್ದು ಆಮೇಲೆ. ಅವತ್ತು ತಿಳಿದದ್ದು ಅಪ್ಪ ಹೋದ ಅನ್ನುವುದಷ್ಟೇ. ನಮ್ಮ ಹಾಲಿ ಅಜ್ಜನನ್ನು ತೆಗೆದು ನೋಡಿದರೆ ಅವನ ಮೈತುಂಬ ಮಗನಿಗಿಂತ ಹೆಚ್ಚು ಚುಕ್ಕೆ. ಮೂವರೂ ಒಂದೇ ಕಪಾಟಿನಲ್ಲಿ ಒಂದೇ ಮಳೆ ಕುಡಿದಿದ್ದರು.

ಗುರುವಾರ ದೇವರು ಒಂದು ಸ್ವಲ್ಪ ಬಿಸಿಲು ಬಿಟ್ಟ. ಸಾಹೇಬರು ಕಿಟಕಿಯಾಚೆ ನೋಡಿ ನನ್ನನ್ನು ಕರೆದರು.

"ಮನ್ಯಾಗ ಹಪ್ಪಳ ಮೆತ್ತಗಾದ್ರ ಏನ್ ಮಾಡ್ತೀರಿ?"

"ಬಿಸಲಿಗೆ ಹಾಕ್ತೀವ್ರಿ."

"ಹಾಕ್ರಿ ಮತ್ತ."

ಆಪರೇಟರ್ ಬಾಯಿಯೂ ಹೂಂ ಅಂದಳು. ಮೂವರಿಗೂ ಅದು ಸರಿ ಅನ್ನಿಸಿತು. ಮೊರದ ಮೇಲೆ ಧೋತರ ಹಾಸಿ, ಮಗನನ್ನು ಅದರ ಮೇಲೆ ಮಲಗಿಸಿ, ಕಾಗೆ ಬರದಂತೆ ನಾನು ಪಕ್ಕದಲ್ಲಿ ಕೂತೆ. ಕರೀ ಲಕೋಟೆ ಬಿಸಿಲು ಕುಡಿಯಿತು. ನೋಡುನೋಡುತ್ತ ಒಂದು ಮೂಲೆ ಎದ್ದಿತು, ಆಮೇಲೆ ಇನ್ನೊಂದು. ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ನಿಂತುಬಿಟ್ಟಿತು. ಯಂತ್ರದ ಬಾಯಿಗೆ ತುರುಕಿದರೂ ಹೋಗದು.

ಯಾರೂ ನಗಲಿಲ್ಲ. ಅವಳು ಮೊರದ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಹೆಸರ ತಪ್ಪಾತು ಕಾಕಾ. ಹಪ್ಪಳ ಅನಬಾರದಿತ್ತು. ಹೆಸರ ಕೇಳಿ ನಾವ ಮೋಸ ಹೋದ್ವಿ."

"ಸಾಹೇಬ್ರು ಏನರ ದಾರಿ ಹುಡಕ್ತಾರ ಬಿಡವ್ವಾ."

"ಎಲ್ಲಿ ಹುಡಕ್ತಾರ? ಮೂರ ಮಳಿಗಾಲದ ಮಳಿ ಈ ಬೆರಳಾಗ ಹಾದ ಹೋಗೇತಿ. ಒಂದ ಹನಿ ಉಳಿಲಿಲ್ಲ." ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ತಟ್ಟನೆ ತಲೆ ಎತ್ತಿ, "ಅಜ್ಜ ಎಲ್ಲೆ?" ಅಂದಳು.

"ಇಲ್ಲೇ ಅದೀನಲ್ಲವ್ವ."

"ನೀವಲ್ಲ ಕಾಕಾ. ರಿಟೈರ್ ಆದಾಂವ."

ನನ್ನ ಕಾಲಿಗೆ ಎಲ್ಲಿಂದ ಶಕ್ತಿ ಬಂತೋ, ಮೆಟ್ಟಿಲು ಇಳಿದು ಆಗಲೇ ಬಸ್ಸಿಗೆ ಹೊರಟಿದ್ದೆ. ಸಾಹೇಬರು ಕರೆದು ನಿಲ್ಲಿಸಿದರು. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದರು. ಇಂಜಿನಿಯರು ಶನಿವಾರ ಬರುತ್ತೇನೆ, ಅಲ್ಲಿಯತನಕ ಯಂತ್ರದ ಬಾಯಿಗೆ ಏನನ್ನೂ ಹಾಕಬೇಡಿ ಅಂದರು. ನನಗೆ ಶುಕ್ರವಾರ ಊರಿಗೆ ಹೋಗಿ ಶನಿವಾರ ಅಜ್ಜನನ್ನು ತರುವ ಅಪ್ಪಣೆಯಾಯಿತು. ಬಗ್ಗಿಸಬಾರದು, ತೋಯಿಸಬಾರದು, ಕಿಟಕಿ ಮುಟ್ಟಬಾರದು. ಆಪರೇಟರ್ ಬಾಯಿ ಬಸ್ ಸ್ಟ್ಯಾಂಡಿನ ತನಕ ಬಂದು ಇದನ್ನೇ ಹೇಳಿದಳು.

ಶುಕ್ರವಾರ ಊರು ಮುಟ್ಟಿದರೆ ಮನೆಯಲ್ಲಿ ಬೇರೆಯೇ ಗದ್ದಲ. ಮಗಳಿಗೆ ಬೇನೆ ಶುರುವಾಗಿತ್ತು. ಪಕ್ಕದ ಊರಿನ ಸಿದ್ದಿ ಸೂಲಗಿತ್ತಿ ಬಂದು ಒಳಗೆ ಕೂತಿದ್ದಳು. ನನ್ನನ್ನು ಹೊಸ್ತಿಲ ಒಳಗೆ ಬಿಡಲಿಲ್ಲ. ಶನಿವಾರ ಬೆಳಕು ಹರಿಯುವಾಗ ಒಳಗಿನಿಂದ ಒಂದು ದನಿ ಬಂತು. ಅಂಥ ಸಣ್ಣ ದನಿ ನಾನು ಕೇಳಿರಲಿಲ್ಲ. ಆದರೆ ಓಣಿಯ ತುದಿಗೆ ಮುಟ್ಟುವಂತಿತ್ತು.

"ಹೆಣ್ಣ ಕೂಸು. ಅಜ್ಜನ ಮೂಗು ತಂದೈತಿ," ಅಂದಳು ಸೂಲಗಿತ್ತಿ. "ದೊಡ್ಡಾಕ್ಯಾಗೂತನಾ ಸರಿ ಹೋಗತೈತಿ, ಚಿಂತಿ ಮಾಡಬ್ಯಾಡ್ರಿ."

ನನ್ನ ಮೂಗೆಂದರೆ ನಮ್ಮ ಊರಿಗೇ ಗೊತ್ತಿರುವ ಮೂಗು. ಅದನ್ನು ಆ ಮುಖದ ಮೇಲೆ ಕಂಡಾಗ ನನ್ನ ಮೂಗು ಇಷ್ಟು ಚೆಂದ ಇತ್ತೇ ಅನ್ನಿಸಿತು. ಎಷ್ಟು ಹೊತ್ತು ನೋಡುತ್ತ ಕೂತೆನೋ. ಸೂಲಗಿತ್ತಿ ಹೊರಗೆ ನೂಕಿದ ಮೇಲೆ ಬಸ್ಸು ನೆನಪಾಯಿತು, ಹಪ್ಪಳ ನೆನಪಾಯಿತು. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದರೆ ಅದರ ತುಂಬ ಅಂಟಿನ ಉಂಡೆ, ಬಾಣಂತಿಗೆಂದು ಮಾಡಿಟ್ಟದ್ದು.

"ನನ್ನ ಹಪ್ಪಳ ಎಲ್ಲೆ?"

"ಡಬ್ಬಿ ಬೇಕಾತು, ತಗದು ಟ್ರಂಕಿನ್ಯಾಗ ಇಟ್ಟಿದ್ನಿ. ಕೂಸಿನ ಸಲುವಾಗಿ ಇಟ್ಟ ಅರಿವಿ ಒಳಗ."

ಟ್ರಂಕು ಖಾಲಿ. ಕೂಸಿನ ಬಟ್ಟೆಗಳನ್ನೆಲ್ಲ ಬೇನೆ ಶುರುವಾದಾಗಲೇ ಒಂದು ಹೊರೆಯಾಗಿ ಬಾಣಂತಿ ಕೋಣೆಗೆ ಒಯ್ದಿದ್ದರು.

"ಹಂಗಾರ ಅದೂ ಅಲ್ಲೇ ಹೋಗೇತಿ. ಕೈಗೆ ಸಿಕ್ತು, ಮಾಡದಾಗ ಒಗದೆ."

ಬಾಣಂತಿ ಕೋಣೆಯ ಗೋಡೆಯಲ್ಲಿ ಒಂದು ಮಾಡ. ಮಾಡದ ಕೆಳಗೇ ಅಗ್ಗಿಷ್ಟಿಕೆ, ಅದರಲ್ಲಿ ನಿಗಿನಿಗಿ ಕೆಂಡ, ಕೆಂಡದ ಮೇಲೆ ಲೋಬಾನ. ಹೊಗೆ ನೆಟ್ಟಗೆ ಮಾಡದೊಳಗೆ ಹೋಗುತ್ತಿತ್ತು. ಅಲ್ಲಿ ನಮ್ಮ ಅಜ್ಜ ಗೋಡೆಗೆ ಒರಗಿ ಆರಾಮಾಗಿ ಕೂತಿದ್ದ. ಬಿಸಿಲಿಗೇ ಮಗ ಸೊಟ್ಟಗಾಗಿದ್ದ, ಇವನು ಕೆಂಡದ ಮೇಲೆ. ಹೊಸ್ತಿಲಲ್ಲೇ ನಿಂತು ಹೆಂಡತಿಯ ಕೈಯಿಂದ ತೆಗೆಸಿದೆ. ಬೆಚ್ಚಗಿತ್ತು. ಸೊಟ್ಟಗೆ ಕಾಣಲಿಲ್ಲ, ಒಂದು ಮೂಲೆ ಮಾತ್ರ ಸ್ವಲ್ಪ ಮಡಿಚಿತ್ತು. ಒಳಗೆ ಏನಾಗಿದೆಯೋ ಹೊರಗಿನಿಂದ ಹೇಳುವ ಹಾಗಿರಲಿಲ್ಲ.

"ಕೂಸಿನಕಿಂತ ಅದನ್ನ ಭಾಳ ನೋಡಾಕತ್ತೀರಲ್ಲ," ಅಂದಳು.

"ಇದರಾಗ ಇನ್ನೊಬ್ಬರ ಮಗಳ ಅನ್ನ ಐತಿ," ಅಂದೆ. ಅವಳು ಕೂಸಿನ ಬಟ್ಟೆಯಲ್ಲೇ ಅತ್ಯಂತ ಮೆತ್ತಗಿದ್ದ ಸೀರೆ ತುಂಡು ತೆಗೆದು ತಾನೇ ಸುತ್ತಿದಳು, ಒಂದು ಪೊಟ್ಟಣ ಅಂಟಿನ ಉಂಡೆ ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ನನಗೆ ಬಾಯಿ ಮುಚ್ಚಿಕೊಂಡು ಕೂರಲು ಆಗಲಿಲ್ಲ. ಕಂಡಕ್ಟರ್ ಎಲ್ಲಿಗೆ ಅಂದ ಕೂಡಲೇ, "ಜೊಯಿಡಾಕ್ಕ. ನನಗ ಮೊಮ್ಮಗಳು ಹುಟ್ಯಾಳ್ರಿ, ಇವತ್ತ ಮುಂಜಾನೆ," ಅಂದೆ.

ಅವನು ನನ್ನ ಎದೆಯ ಮೇಲಿನ ಗಂಟು ನೋಡಿದ. "ಇವತ್ತ ಹುಟ್ಟಿದ್ದನ್ನ ಇವತ್ತ ಬಸ್ಸಿನ್ಯಾಗ ತಂದೀರಿ? ತಾಯಿ ಎಲ್ಲೆ?"

"ತಾಯಿ ಮನ್ಯಾಗ ಅದಾಳ."

ಮುಂದಿನ ಸೀಟಿನ ಒಬ್ಬ ಹೆಣ್ಣುಮಗಳು ಹೊರಳಿ ಎರಡೂ ಕೈ ಚಾಚಿದಳು. "ಕೊಡ್ರಿ ಇಲ್ಲೆ. ಗಂಡಸರಿಗೆ ಹಿಡಿಯಾಕ ಎಲ್ಲಿ ಬರತೈತಿ."

"ಬ್ಯಾಡವ್ವಾ. ಕಿಟಕಿಗೆ ಬೆರಳ ಹತ್ತತೈತಿ."

"ಕೂಸಿಗೆ ಎಂಥಾ ಕಿಟಕಿ?"

ಕೊನೆಗೆ ಗಂಟಿನ ಸೀರೆ ತುಂಡಿನ ಮೂಲೆ ಸರಿಸಿ ತೋರಿಸಬೇಕಾಯಿತು. ಕಂಡಕ್ಟರ್ ಬಗ್ಗಿ ಚೀಟಿ ಓದಿದ. "ಅಜ್ಜ ಅಂತ ಬರದೈತಿ ಇದರ ಮ್ಯಾಲ."

"ಹೌದ್ರಿ, ಇದು ಅಜ್ಜ."

"ಅಂದ್ರ ಮೊಮ್ಮಗಳು ಹುಟ್ಟಿದ್ದು ಅಲ್ಲೆ. ನೀವು ಅಜ್ಜನ್ನ ಅರಿವ್ಯಾಗ ಸುತಗೊಂಡು ಹೊಂಟಿದ್ದು ಇಲ್ಲೆ." ಬಸ್ಸೆಲ್ಲ ನಕ್ಕಿತು. ನಕ್ಕರೂ, ನೀರು ಸೋರದ ಸೀಟು ನೋಡಿ ನನ್ನನ್ನು ಅಲ್ಲಿ ಕೂಡಿಸಿದ. "ಇಳೀರಿ ಅಜ್ಜಾರ, ದಾಂಡೇಲಿ ಬಂತು," ಅಂದಾಗ ಬೇರೆ ಯಾವ ಅಜ್ಜ ಇದ್ದಾನೋ ಅಂತ ನಾನು ಹೊರಳಿ ನೋಡಿದೆ. ಆ ಹೆಸರಿನಿಂದ ನನ್ನನ್ನು ಕರೆದ ಮೊದಲ ಮನುಷ್ಯ ಅವನು.

ಜೊಯಿಡಾ ಮುಟ್ಟಿದಾಗ ಮಧ್ಯಾಹ್ನ. ಇಂಜಿನಿಯರು ಬಂದು ಯಂತ್ರ ಬಿಚ್ಚಿ ಕೂತಿದ್ದರು. ಕಡ್ಡಿಗೆ ಅರಳೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಓದುವ ಗುಂಡಿಯನ್ನು ಕೂಸಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದರು. ಅರಳೆಗೆ ಕಂದು ಹೊಲಸು ಬರುತ್ತಲೇ ಇತ್ತು. ಬಿಳೀ ಅರಳೆ ಬಿಳಿಯಾಗೇ ಹೊರಗೆ ಬರುವ ತನಕ ಒರೆಸಿದರು. ಆಮೇಲೆ ಒಂದು ಖಾಲಿ ಹಪ್ಪಳ ಹಾಕಿ, ಬರೆದು, ಓದಿಸಿ, ಹೊರಗೆ ತೆಗೆದು ಗೆರೆ ಬಿದ್ದಿದೆಯೇ ಅಂತ ದೀಪಕ್ಕೆ ಹಿಡಿದು ನೋಡಿದರು. ಬಿದ್ದಿರಲಿಲ್ಲ.

"ಈಗ ಅಜ್ಜ ಬರಲಿ," ಅಂದರು. ಮೂಸಿ ನೋಡಿದರು. "ಇದೇನ್ರೀ, ದೇವಸ್ಥಾನದ ವಾಸನೆ."

"ಬಾಣಂತಿ ಕೋಣ್ಯಾಗ ಇತ್ರಿ," ಅಂದು ಅಗ್ಗಿಷ್ಟಿಕೆಯನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ನಡುವಿನ ತೂತಿನ ಅಂಚು ಹಿಡಿದು ಒಳಗಿನ ಹಾಳೆಯನ್ನು ನಿಧಾನಕ್ಕೆ ತಿರುಗಿಸುತ್ತ ಕಿಟಕಿಯಲ್ಲಿ ಪೂರ್ತಿ ಸುತ್ತು ನೋಡಿದರು. "ಬೂಷ್ಟು ಒಂದು ಚುಕ್ಕೆ ಇಲ್ಲ. ಶಾಖಕ್ಕೆ ಏನಾಗಿದೆಯೋ ಹಾಕಿದ ಮೇಲೇ ಗೊತ್ತಾಗೋದು." ಬದಿಯ ಸಣ್ಣ ಕಚ್ಚಿಗೆ ಅಂಟಿಸಿದ್ದ ಬೆಳ್ಳಿ ಬಣ್ಣದ ಚೀಟಿ ಕಿತ್ತರು. ಆ ಕಚ್ಚು ತೆರೆದಿದ್ದರೆ ಯಂತ್ರ ಓದಬಹುದು, ಬರೆಯಲಾರದು, ಅಳಿಸಲಾರದು.

"ಹಾಕ್ರಿ ಹಾಕ್ರಿ," ಅಂದರು ಸಾಹೇಬರು. ಸೋಮವಾರದ ಚಿಂತೆ ಅವರಿಗೆ.

"ಬ್ಯಾಡ್ರಿ ಸಾಹೇಬ್ರ," ಅಂದಳು ಆಪರೇಟರ್ ಬಾಯಿ.

ಅವಳು ಸಾಹೇಬರಿಗೆ ಬ್ಯಾಡ ಅಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೆಂಡದ ಮ್ಯಾಲಿಂದ ಮಳಿ ಒಳಗ ಬಂದೈತಿ. ಈ ಕೋಣಿ ಹವಾಕ್ಕ ಹೊಂದಲಿ. ಬುಧವಾರ ಗಡಬಡಿ ಮಾಡಿ ಅಪ್ಪನ್ನ ಕಳಕೊಂಡ್ವಿ. ಗುರುವಾರ ಗಡಬಡಿ ಮಾಡಿ ಮಗನ್ನ. ಇಂವ ಒಬ್ಬನ ಉಳದಾನ. ನಾಳಿ ಮುಂಜಾನೆ ಹಾಕೂಣು."

"ನಾನು ಸಂಜೆ ಬಸ್ಸಿಗೆ ಹೋಗಬೇಕಲ್ಲ," ಅಂದರು ಇಂಜಿನಿಯರು. "ನಾನಾಗಿದ್ರೆ ಈಗಲೇ ಹಾಕಿ ನೋಡ್ತಿದ್ದೆ."

"ಹೋದ್ರ ನನ್ನ ಕೆಲಸಾ ಹೋಗತೈತಿ. ನಾನ ಹೇಳ್ತೀನಿ. ನಾಳಿ."

ಇಂಜಿನಿಯರು ಗಡಿಯಾರ ನೋಡಿದರು. ಆಗ ನಾನು ಚೀಲದಿಂದ ಅಂಟಿನ ಉಂಡೆಯ ಪೊಟ್ಟಣ ತೆಗೆದೆ. ತುಪ್ಪ, ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ. ಮೈಸೂರು ಕಡೆಯವರು ಅದನ್ನು ತಿಂದಿರಲಿಲ್ಲ. ಒಂದು ತಿಂದರು, ಇನ್ನೊಂದು ತಿಂದರು. "ಇದು ಬಾಣಂತೀರಿಗೆ ಮಾತ್ರ ಕೊಡೋದಾ?" ಅಂದರು.

"ಊರಾಗ ಉಳಕೊಂಡವರಿಗೂ ಕೊಡ್ತೀವ್ರಿ," ಅಂದೆ. ಅವರು ಉಳಿದರು.

ರವಿವಾರ ಮುಂಜಾನೆ ಪುಣ್ಯಕ್ಕೆ ಕರೆಂಟು ಇತ್ತು. ಯಂತ್ರಕ್ಕೆ ಎರಡು ಬಾಯಿ. ಒಂದರಲ್ಲಿ ಅಜ್ಜ, ಇನ್ನೊಂದರಲ್ಲಿ ಹೊಸ ಹಪ್ಪಳ. ಮೊದಲು ಓದಿ ನೋಡುವುದೂ ಬೇಡ, ನೆಟ್ಟಗೆ ನಕಲೇ ಮಾಡಿ, ಅವನು ಎಷ್ಟು ಸಲ ತಿರುಗಬಲ್ಲನೋ ಯಾರಿಗೆ ಗೊತ್ತು ಅಂದರು ಇಂಜಿನಿಯರು. ಅವಳು ಕೀಬೋರ್ಡಿನ ಗುಂಡಿ ಒತ್ತಿದಳು. ಗರ್ ಅಂದಿತು. ಟಕ್. ಗರ್. ಟಕ್. ಆ ಸದ್ದು ಒಂದೇ ಸಮ ನಡೆದರೆ ಓದುತ್ತಿದೆ ಅಂತ ಅರ್ಥ. ನಾವು ನಾಲ್ವರೂ ಕೇಳುತ್ತ ನಿಂತಿದ್ದೆವು. ಸಾಹೇಬರು ಕಣ್ಣು ಮುಚ್ಚಿದ್ದರು.

ಅರ್ಧ ದಾಟಿದ ಮೇಲೆ ಸದ್ದು ಸಿಕ್ಕಿಬಿತ್ತು. ಟಕ್ ಟಕ್ ಟಕ್. ಒಂದೇ ಕಡೆ. ಪರದೆಯ ಮೇಲೆ ಪ್ರಶ್ನೆ ಬಂತು, ಮತ್ತೊಮ್ಮೆ ನೋಡಲೋ, ಬಿಟ್ಟುಬಿಡಲೋ. ಅವಳು ಮತ್ತೊಮ್ಮೆ ಅಂದಳು. ಟಕ್ ಟಕ್. ಮತ್ತೊಮ್ಮೆ. ಇಂಜಿನಿಯರು, "ಮಡಿಸಿದ ಮೂಲೆ ಇರಬೇಕು, ಲಕೋಟೆ ಹಾಳೆಯನ್ನ ಹಿಡೀತಿದೆ," ಅಂದರು. ಅಜ್ಜನನ್ನು ಹೊರಗೆ ತೆಗೆದು, ಮೂಲೆಯನ್ನು ಹೆಬ್ಬೆರಳಿನಿಂದ ಹಗೂರಕ್ಕೆ ನೀವಿ ನೀವಿ ಸಪಾಟು ಮಾಡಿ, ಒಳಗಿನ ಹಾಳೆಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಮತ್ತೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದು ಹಾಕಿದಳು.

"ಅಜ್ಜಾ, ಏಳೋ," ಅಂದೆ ನಾನು. ಜೋರಾಗಿ ಅಂದೆನೆಂದು ಆಮೇಲೆ ತಿಳಿಯಿತು.

ಗರ್. ಟಕ್. ಗರ್. ಟಕ್. ಗರ್.

ಮುಗಿಯಿತು ಅಂತ ಪರದೆಯ ಮೇಲೆ ಬಂದಾಗ ಆಪರೇಟರ್ ಬಾಯಿ ಅನಮೋಡದ ಮೂರು ವರ್ಷದ ಹಿಂದಿನ ಒಂದು ಆಷಾಢದ ದಿನ ತೆಗೆದು ಅಂಕಿ ನೋಡಿದಳು. "ಅವತ್ತ ಮಾಪಕದ ಡಬ್ಬಿ ತುಂಬಿ ಹೊರಗ ಚೆಲ್ಲಿತ್ತು ಕಾಕಾ, ನೆನಪೈತಿ?" ಅಂದಳು. ಆಗ ಅತ್ತಳು, ಸ್ವಲ್ಪ. ಸಾಹೇಬರು ಕಿಟಕಿಯಾಚೆ ನೋಡುತ್ತ ನಿಂತರು.

ಹೊಸ ನಕಲಿಗೆ ಚೀಟಿ ಬರೆಯಬೇಕಿತ್ತು. "ಏನಂತ ಬರೀಲಿ? ಮಗ ಅಂತನಾ?" ಅಂದಳು.

"ಮೊಮ್ಮಗಳು ಅಂತ ಬರೀರಿ," ಅಂದೆ.

ಇಂಜಿನಿಯರು ಪದ್ಧತಿಯಲ್ಲಿ ಹಾಗಿಲ್ಲ ಅನ್ನುತ್ತ ಬಾಯಿ ತೆಗೆದವರು, ಅದರಲ್ಲಿ ಇನ್ನೊಂದು ಉಂಡೆ ಹಾಕಿಕೊಂಡರು. ಆ ವರ್ಷದ ಹೊಸ ಮಳೆಯ ಕಾಗದಗಳು ಮೇಜಿನ ಮೇಲೆ ಇದ್ದವಲ್ಲ, ಸಾಹೇಬರು ಓದಿ ಹೇಳಿದರು, ಅವಳು ಹಾಕಿದಳು, ಸಂಜೆಯ ಹೊತ್ತಿಗೆ ಬಹಳಷ್ಟು ಮುಗಿಯಿತು. ಸೋಮವಾರ ದೊಡ್ಡ ಸಾಹೇಬರು ಬಂದರು, ಅಂಕಿ ನೋಡಿದರು, ತಲೆ ಆಡಿಸಿದರು. ಹೋಗುವಾಗ ಕಪಾಟಿನಲ್ಲಿ ಚೀಟಿ ನೋಡಿ, "ಈ ಮೊಮ್ಮಗಳು ಏನು?" ಅಂದರು. ನಮ್ಮ ಸಾಹೇಬರು ಮುಖ ಗಂಭೀರ ಮಾಡಿಕೊಂಡು, "ಅದು ನಮ್ಮ ಕಚೇರಿ ಪದ್ಧತಿ ಐತ್ರಿ ಸರ್," ಅಂದರು.

ಯಂತ್ರ ಉಳಿಯಿತು. ಅವಳ ಹೆಸರಿನ ಮುಂದಿನ ಹಂಗಾಮಿ ಅನ್ನುವುದು ಹೋಗಲು ಇನ್ನೂ ಒಂದು ಮಳೆಗಾಲ ಬೇಕಾಯಿತು, ಆದರೆ ಅವಳು ಹೋಗಲಿಲ್ಲ. ಕಪಾಟಿನೊಳಗೆ ಸಾಹೇಬರು ಒಂದು ಸಣ್ಣ ಬಲ್ಬು ಹಾಕಿಸಿದರು, ಒಳಗಿನ ಹವಾ ಒಣಗಿರಲಿ ಅಂತ. ಅಂದಿನಿಂದ ಹಬ್ಬಕ್ಕೊಮ್ಮೆ ಒಂದು ನಕಲು ನನ್ನ ಸಂಗಡ ಹಳಿಯಾಳಕ್ಕೆ ಹೋಗುತ್ತಿತ್ತು, ಮೊದಲು ಇದ್ದದ್ದು ವಾಪಸು ಬರುತ್ತಿತ್ತು. ಬಂದದ್ದನ್ನು ಓದಿಸಿ ನೋಡಿ, ಕಣ್ಣಿಗೆ ಚೆನ್ನಾಗಿ ಕಂಡರೂ ಹೊಸದರ ಮೇಲೆ ಇಳಿಸುತ್ತಿದ್ದೆವು. ಕಚೇರಿಯಲ್ಲಿ ಇದಕ್ಕೆ ತವರಿಗೆ ಹೋಗಿ ಬರುವುದು ಅನ್ನುತ್ತಿದ್ದೆವು. ಹಪ್ಪಳ ಅನ್ನುವುದನ್ನು ಮಾತ್ರ ಬಿಟ್ಟೆವು. ಆ ಮುದುಕ ಅಜ್ಜ, ಲೋಬಾನದ ವಾಸನೆಯವನು, ಮುಂದಿನ ಮಳೆಗೆ ಓದುವುದನ್ನು ನಿಲ್ಲಿಸಿದ. ಯಾರಿಗೂ ಗಾಬರಿಯಾಗಲಿಲ್ಲ. ಅವನಲ್ಲಿ ಇದ್ದದ್ದೆಲ್ಲ ಅಷ್ಟು ಹೊತ್ತಿಗೆ ಮೊಮ್ಮಗಳಲ್ಲಿ ಇತ್ತು.

ನನ್ನ ಮೊಮ್ಮಗಳು, ಎರಡು ಕಾಲಿನವಳು, ಮಾತು ಕಲಿತ ಮೇಲೆ ಒಂದು ಸಲ ಜೊಯಿಡಾಕ್ಕೆ ಬಂದಳು. ಕಚೇರಿಯಲ್ಲಿ ಆಪರೇಟರ್ ಬಾಯಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಚೀಟಿ ತೋರಿಸಿ, "ನೋಡು, ಇದು ನೀನ," ಅಂದಳು.

"ನಾ ಇಷ್ಟ ಕರ್ರಗ ಅದೀನೇನು?" ಅಂದಳು ನಮ್ಮ ಹುಡುಗಿ. ಅನ್ನುತ್ತಲೇ ಯಾರೂ ಹಿಡಿಯುವ ಮೊದಲೇ ಬೆಲ್ಲ ತಿಂದ ಬೆರಳನ್ನು ನೆಟ್ಟಗೆ ಕಿಟಕಿಯ ಮೇಲೆ ಇಟ್ಟಳು.

ಆ ಕಿಟಕಿಯ ಹತ್ತಿರ ಬೆರಳು ತಂದವರಿಗೆ, ಸಾಹೇಬರಿಗೂ ಸಹ, ನಾನು ಬಯ್ಯದೆ ಬಿಟ್ಟದ್ದಿಲ್ಲ. ಅವತ್ತು ಬಯ್ಯಲು ಬಾಯಿ ತೆಗೆದವನು ಅವಳ ಬೆಲ್ಲದ ಬೆರಳನ್ನು ನನ್ನ ಅಂಗಿಯ ತುದಿಯಿಂದ ಒರೆಸಿದೆ. ಆಪರೇಟರ್ ಬಾಯಿ ಆ ಸಣ್ಣ ಬೆರಳಿನ ಗುರುತನ್ನು ದೀಪಕ್ಕೆ ಹಿಡಿದು ನೋಡಿದಳು, ನಕ್ಕಳು, ಅದನ್ನು ಬದಿಗಿಟ್ಟಳು.

"ಕಾಕಾ, ಕಪಾಟಿನ್ಯಾಗಿಂದ ಇನ್ನೊಂದು ತಗೀರಿ," ಅಂದಳು. "ಹೆಂಗೂ ಇವತ್ತ ಶನಿವಾರ ಐತಿ."